ಹಿಂಗಾರಿ ಹೊಲದ ಅತಿಥಿಗಳು ಮತ್ತು ನಾವು ಇಡುವ ವಿಷ



ಉತ್ತರೆ ಮಳೆ ಮುಗಿದು ಹಸ್ತ ಹಿಡಿಯಿತೆಂದರೆ ಧಾರವಾಡ, ಗದಗ, ಹಾವೇರಿ, ಕೊಪ್ಪಳ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಎರೆ ಭೂಮಿಯಲ್ಲಿ ಯಾರಿಗೂ ಪುರುಸೊತ್ತು ಇರುವುದಿಲ್ಲ. ಹೆಸರು ಕಿತ್ತ ಹೊಲವನ್ನು ಹರಗಬೇಕು, ಹದ ನೋಡಿ ಹಿಂಗಾರಿ ಜೋಳ ಬಿತ್ತಬೇಕು, ಅದರ ಬೆನ್ನಿಗೇ ಕಡಲೆ, ಕುಸುಬೆ, ಗೋಧಿ. ಸೆಪ್ಟೆಂಬರ್ ಕೊನೆಯ ವಾರದಿಂದ ನವೆಂಬರ್ ನಡುವಿನವರೆಗೆ, ಅಂದರೆ ಹಸ್ತ, ಚಿತ್ತೆ, ಸ್ವಾತಿ, ವಿಶಾಖ ಈ ನಾಲ್ಕು ಮಳೆಗಳ ಅವಧಿಯಲ್ಲಿ ರೈತನ ಕಣ್ಣು ನೆಲದ ಹಸಿಯ ಮೇಲೆಯೇ ನೆಟ್ಟಿರುತ್ತದೆ. ಇದೇ ದಿನಗಳಲ್ಲಿ ಹೊಲದ ಮೇಲೆ, ಬದುವಿನಲ್ಲಿ, ಊರ ಹಾಳು ಗೋಡೆಗಳಲ್ಲಿ ನಡೆಯುವ ಇನ್ನೊಂದು ಬದಲಾವಣೆಯನ್ನು ನಾವು ಅಷ್ಟಾಗಿ ಲಕ್ಷ್ಯಕ್ಕೆ ತಂದುಕೊಳ್ಳುವುದಿಲ್ಲ.

ಉತ್ತರದ ಶೀತ ದೇಶಗಳಿಂದ ವಲಸೆ ಹಕ್ಕಿಗಳು ನಮ್ಮ ಬಯಲಿಗೆ ಬಂದಿಳಿಯುವುದು ಈ ವಾರಗಳಲ್ಲಿ. ಮಳೆಗಾಲದಲ್ಲಿ ಮರಿ ಮಾಡಿದ ಊರಿನ ಹಕ್ಕಿಗಳು ಬೆಳೆದ ಮರಿಗಳೊಡನೆ ಹೊಲಕ್ಕೆ ಬರುವುದೂ ಈ ವಾರಗಳಲ್ಲಿ. ಮುಂಗಾರಿ ಕಾಳು ತಿಂದು ಇಲಿಗಳ ಸಂಖ್ಯೆ ಏರಿರುವುದೂ ಆಗಲೇ. ಹಾಗೆಯೇ ನಾವು ಹೊಲಕ್ಕೆ ಒಯ್ಯುವ ವಿಷವೂ ಈ ವಾರಗಳಲ್ಲಿಯೇ ಹೆಚ್ಚು. ಬೀಜೋಪಚಾರದ ಔಷಧಿ, ಹರಳಿನ ರೂಪದ ಕೀಟನಾಶಕ, ಇಲಿ ಪಾಷಾಣ, ಹತ್ತಿ ಮತ್ತು ಮೆಣಸಿನ ಗಿಡಕ್ಕೆ ಸಿಂಪರಣೆ, ಹೀಗೆ ಒಂದರ ಹಿಂದೊಂದು. ಬಂದ ಅತಿಥಿಯೂ ಇಟ್ಟ ವಿಷವೂ ಒಂದೇ ಹೊಲದಲ್ಲಿ ಎದುರಾಗುತ್ತವೆ. ಯಾವ ಜೀವಿ ಏಕೆ ಬಂದಿದೆ, ಏನು ತಿನ್ನುತ್ತದೆ ಎಂಬುದು ಗೊತ್ತಿದ್ದರೆ ವಿಷ ಎಲ್ಲಿ ಬೇಕು, ಎಲ್ಲಿ ಬೇಡ, ಹೇಗೆ ಇಡಬೇಕು ಎಂಬುದನ್ನು ತೀರ್ಮಾನಿಸುವುದು ಸುಲಭ. ನಾನು ಬೇಸಾಯ ಶಾಸ್ತ್ರದವನೇ ಹೊರತು ಪಕ್ಷಿಶಾಸ್ತ್ರದವನಲ್ಲ. ಆದುದರಿಂದ ಹಕ್ಕಿಯ ಅಂದಕ್ಕಿಂತ ಬೆಳೆಯ ದೃಷ್ಟಿಯಿಂದಲೇ ಈ ವಿಷಯವನ್ನು ನಿಮ್ಮ ಮುಂದಿಡುತ್ತೇನೆ.

ಕುಂಟೆಯ ಹಿಂದೆ ಬರುವವರು

ಹೊಲ ಹರಗಲು ಶುರು ಮಾಡಿದ ಕಾಲು ಗಂಟೆಯೊಳಗೆ ಕುಂಟೆಯ ಹಿಂದೆ ಬೆಳ್ಳಕ್ಕಿಗಳ ಸಾಲು ನಿಲ್ಲುವುದನ್ನು ನೀವೆಲ್ಲರೂ ಕಂಡಿದ್ದೀರಿ. ಮಳೆಗಾಲದಲ್ಲಿ ಇವುಗಳ ತಲೆ, ಕುತ್ತಿಗೆಗೆ ಇದ್ದ ಕಾವಿ ಬಣ್ಣ ಈಗ ಹೋಗಿ ಮೈಯೆಲ್ಲ ಅಚ್ಚ ಬಿಳುಪಾಗಿರುತ್ತದೆ. ಇವು ತಾವಾಗಿ ನೆಲ ಕೆದಕುವುದಿಲ್ಲ. ಎತ್ತಿನ ಕಾಲಿಗೋ ಟ್ರ್ಯಾಕ್ಟರಿಗೋ ಬೆದರಿ ಹೊರಬಿದ್ದ ಮಿಡತೆ, ಹುಳುಗಳನ್ನು ಆರಿಸುತ್ತವೆ. ಇವುಗಳ ಜೊತೆಗೆ ಗೊರವಂಕ, ಕಾಜಾಣ, ಸೆಪ್ಟೆಂಬರಿನಲ್ಲಿ ಹೊಸದಾಗಿ ಬಂದ, ಸದಾ ಬಾಲ ಕುಣಿಸುವ ಸಿಪಿಲೆ ಹಕ್ಕಿಗಳು ಸೇರಿಕೊಳ್ಳುತ್ತವೆ.

ಇಲ್ಲಿ ಗಮನಿಸಬೇಕಾದ ಮುಖ್ಯ ಸಂಗತಿಯೊಂದಿದೆ. ಕಡಲೆ, ತೊಗರಿ, ಹತ್ತಿ ಮೂರನ್ನೂ ಕಾಡುವ ಕಾಯಿಕೊರಕ ಹುಳು ಬಲಿತ ಮೇಲೆ ಗಿಡದಿಂದ ಇಳಿದು ಮಣ್ಣಿನೊಳಗೆ ಕೋಶವಾಗುತ್ತದೆ. ಹೆಸರು ಕಿತ್ತ ಹೊಲದಲ್ಲಿ ಇಂಥ ಕೋಶಗಳು ಇದ್ದೇ ಇರುತ್ತವೆ. ಹರಗಿದಾಗ ಅವು ಮೇಲಕ್ಕೆ ಬರುತ್ತವೆ. ಕೆಲವು ಬಿಸಿಲಿಗೆ ಸಾಯುತ್ತವೆ, ಕೆಲವು ಹಕ್ಕಿಗೆ ಸೇರುತ್ತವೆ, ಉಳಿದವು ಪತಂಗವಾಗಿ ನವೆಂಬರಿನಲ್ಲಿ ನಿಮ್ಮ ಕಡಲೆಗೇ ಮೊಟ್ಟೆ ಇಡುತ್ತವೆ. ಈಚೆಗೆ ಬಾಡಿಗೆ ಟ್ರ್ಯಾಕ್ಟರಿನ ಸರದಿ ಸಿಗದೆ ರಾತ್ರಿ ದೀಪ ಹಾಕಿಕೊಂಡು ಹರಗುವ ರೂಢಿ ಬೆಳೆದಿದೆ. ಕೆಲಸ ಮುಗಿಯುತ್ತದೆ ನಿಜ, ಆದರೆ ಹಕ್ಕಿಯ ಕೆಲಸ ನಡೆಯುವುದಿಲ್ಲ. ಬೆಳಗಾಗುವಷ್ಟರಲ್ಲಿ ಮೇಲೆ ಬಿದ್ದ ಹುಳುಗಳು ಮತ್ತೆ ಮಣ್ಣು ಸೇರಿರುತ್ತವೆ. ಆದುದರಿಂದ ಬಿತ್ತನೆಯ ಮುಂಚಿನ ಕೊನೆಯ ಹರಗುವಿಕೆಯನ್ನಾದರೂ ಬೆಳಗಿನ ಹೊತ್ತು ಇಟ್ಟುಕೊಳ್ಳಿರಿ.

ಬಿತ್ತುವಾಗ ಇನ್ನೊಂದು ಎಚ್ಚರಿಕೆ ಬೇಕು. ಉಪಚರಿಸಿದ ಬೀಜವನ್ನು ಬಿತ್ತುತ್ತ ಹೊಲದ ತುದಿಯಲ್ಲಿ ಕೂರಿಗೆ ತಿರುಗಿಸುವಾಗ ಒಂದಷ್ಟು ಕಾಳು ಮೇಲೆಯೇ ಚೆಲ್ಲುತ್ತದೆ. ಬೆಳಗಿನ ಜಾವ ಮೊದಲು ಅಲ್ಲಿಗೆ ಬರುವವು ನವಿಲು, ಕವುಜುಗ, ಪಾರಿವಾಳ ಮತ್ತು ಬೆಳವ. ರಸ ಹೀರುವ ಕೀಟ ಮತ್ತು ಸುಳಿ ನೊಣಕ್ಕಾಗಿ ಲೇಪಿಸಿದ ಔಷಧಿಯಾದರೆ ಕೆಲವೇ ಕಾಳು ಸಣ್ಣ ಹಕ್ಕಿಯೊಂದರ ಪ್ರಾಣಕ್ಕೆ ಸಾಕು. ಚೆಲ್ಲಿದ್ದನ್ನು ಕಾಲಿನಿಂದಲಾದರೂ ಮಣ್ಣೆಳೆದು ಮುಚ್ಚುವುದು ಎರಡು ನಿಮಿಷದ ಕೆಲಸ. ಹರಳು ಔಷಧಿಯ ವಿಷಯ ಇನ್ನೂ ಸೂಕ್ಷ್ಮ. ಹಕ್ಕಿಗಳಿಗೆ ಹಲ್ಲಿಲ್ಲ. ಕಾಳು ಅರೆಯಲು ಅವು ಸಣ್ಣ ಹರಳುಕಲ್ಲುಗಳನ್ನು ನುಂಗುತ್ತವೆ, ಕೀಟನಾಶಕದ ಹರಳೂ ಅವುಗಳ ಕಣ್ಣಿಗೆ ಹಾಗೆಯೇ ಕಾಣುತ್ತದೆ. ಹಿಂದೆ ಮನೆಮನೆಯಲ್ಲಿದ್ದ ಫೋರೇಟ್ ಹರಳನ್ನು ನಮ್ಮ ದೇಶದಲ್ಲಿ 2020ರ ಡಿಸೆಂಬರ್ 31ರಿಂದ ಸಂಪೂರ್ಣ ನಿಷೇಧಿಸಲಾಗಿದೆ. ಅಟ್ಟದ ಮೇಲೆ ಹಳೆಯ ಚೀಲ ಉಳಿದಿದ್ದರೆ ಅದನ್ನು ಬಳಸಬೇಡಿರಿ, ಹಳ್ಳಕ್ಕೂ ಸುರಿಯಬೇಡಿರಿ. ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿರಿ.

ಹುಲ್ಲಿನಲ್ಲಿ ಮಲಗುವ ಗಿಡುಗ

ಅಕ್ಟೋಬರ್ ಮೊದಲ ವಾರದಿಂದ ಎರೆ ಬಯಲಿನ ಮೇಲೆ ಆಳೆತ್ತರದಲ್ಲಿ ತೇಲುತ್ತ, ಬದುವಿನಿಂದ ಬದುವಿಗೆ ನೆಲವನ್ನು ಶೋಧಿಸುತ್ತ ಸಾಗುವ ನೀಳ ರೆಕ್ಕೆಯ ಹಕ್ಕಿಯನ್ನು ನೋಡಿರಿ. ಗಂಡು ಬೂದು ಬಣ್ಣದ್ದು, ರೆಕ್ಕೆಯ ತುದಿ ಕಪ್ಪು. ಹೆಣ್ಣು ಕಂದು ಬಣ್ಣದ್ದು, ಬಾಲದ ಬುಡದಲ್ಲಿ ಬಿಳಿ ಪಟ್ಟೆ. ಪುಸ್ತಕಗಳಲ್ಲಿ ಇದಕ್ಕೆ ಸೆಳೆವ ಎಂಬ ಹೆಸರಿದೆ. ಊರಿನಲ್ಲಿ ನಾವು ಇದನ್ನೂ ಗಿಡುಗವೆಂದೇ ಕರೆದು ಕೋಳಿಮರಿಯ ಕಳ್ಳರ ಪಟ್ಟಿಗೆ ಸೇರಿಸುತ್ತೇವೆ. ಇದು ಅನ್ಯಾಯ. ಕಜಾಕಸ್ತಾನ ಮತ್ತು ರಷ್ಯಾದ ಹುಲ್ಲುಬಯಲುಗಳಲ್ಲಿ ಮರಿ ಮಾಡಿ ಇಲ್ಲಿಗೆ ಬರುವ ಈ ಹಕ್ಕಿಗೆ ನಮ್ಮಲ್ಲಿ ಮುಖ್ಯ ಆಹಾರ ಮಿಡತೆ. ಅದರ ಜೊತೆಗೆ ಇಲಿ, ಓತಿಕೇತ, ನೆಲದ ಮೇಲಿನ ಸಣ್ಣ ಹಕ್ಕಿ. ಮಾರ್ಚ್-ಏಪ್ರಿಲ್‌ನಲ್ಲಿ ಅವು ಹಿಂದಿರುಗುವವರೆಗೂ ಬಯಲಿನಲ್ಲಿ ಈ ಕೆಲಸ ನಡೆದಿರುತ್ತದೆ.

ಈ ಹಕ್ಕಿಯ ಒಂದು ವಿಶೇಷವೆಂದರೆ ರಾತ್ರಿ ಮರದ ಮೇಲೆ ಕೂರದಿರುವುದು. ಸಂಜೆಯಾದೊಡನೆ ಸುತ್ತಲ ಹತ್ತಾರು ಊರಿನ ಸೆಳೆವಗಳು ಒಂದೇ ಹುಲ್ಲುಗಾವಲಿಗೆ ಬಂದು ಮೊಣಕಾಲೆತ್ತರದ ಹುಲ್ಲಿನಲ್ಲಿ ನೆಲದ ಮೇಲೆಯೇ ಮಲಗುತ್ತವೆ. ಗಾಯರಾಣ, ಬೀಳು ಭೂಮಿ, ಅಗಲವಾದ ಬದುಗಳು ಉಳಿದಿರುವಲ್ಲಿ ಮಾತ್ರ ಇದು ಸಾಧ್ಯ. ಹುಲ್ಲು ಒಣಗಿದೊಡನೆ ಕಡ್ಡಿ ಗೀರುವ ಅಭ್ಯಾಸದಿಂದ ಇವುಗಳ ರಾತ್ರಿಯ ಠಾವು ಒಂದೇ ಸಂಜೆಗೆ ಇಲ್ಲವಾಗುತ್ತದೆ, ದನಕ್ಕೆ ಹುಲ್ಲೂ ಇಲ್ಲವಾಗುತ್ತದೆ. ಬದುವಿನ ಹುಲ್ಲು ಕೊಯ್ದುಕೊಳ್ಳಿರಿ, ಸುಡಬೇಡಿರಿ.

ಹುಲ್ಲುಬಯಲು ಕಳೆದುಕೊಂಡರೆ ಏನಾಗುತ್ತದೆ ಎಂಬುದಕ್ಕೆ ದೂರದ ಉದಾಹರಣೆ ಬೇಕಿಲ್ಲ. ನಮ್ಮ ಹಿರಿಯರು ಎರ್ಲಡ್ಡು ಎಂದು ಕರೆಯುತ್ತಿದ್ದ, ನವಿಲಿಗಿಂತ ಭಾರವಾದ, ನೆಲದ ಮೇಲೆಯೇ ಓಡಾಡುವ ಆ ಹಕ್ಕಿ ಇದೇ ಎರೆ ಭೂಮಿಯದು. ಮಿಡತೆ, ಜೀರುಂಡೆಗಳನ್ನು ತಿಂದು ಬದುಕುತ್ತಿತ್ತು. ಹಾವೇರಿ ಜಿಲ್ಲೆಯ ರಾಣೆಬೆನ್ನೂರಿನಲ್ಲಿ 1974ರಲ್ಲಿ ಘೋಷಿತವಾದ ಕೃಷ್ಣಮೃಗ ಅಭಯಾರಣ್ಯದಲ್ಲಿಯೂ ಅದು ಇತ್ತು. ಅಲ್ಲಿನ ಬಯಲಿನಲ್ಲಿ ನೀಲಗಿರಿ ನೆಡುತೋಪು ಎದ್ದಿತು, ಸುತ್ತಲ ಬೀಳು ಉಳುಮೆಯಾಯಿತು. ಇಂದು ಕರ್ನಾಟಕದಲ್ಲಿ ಎರ್ಲಡ್ಡು ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ತಾಲ್ಲೂಕಿನ ಬಯಲಿನಲ್ಲಿ ಬೆರಳೆಣಿಕೆಯಷ್ಟು ಮಾತ್ರ. ಇಡೀ ದೇಶದಲ್ಲಿಯೇ ಇನ್ನೂರಕ್ಕಿಂತ ಕಡಿಮೆ, ಅದರಲ್ಲಿಯೂ ಬಹುಪಾಲು ರಾಜಸ್ಥಾನದಲ್ಲಿವೆ.

ಹೊಲದ ಮೇಲೆ ಈಗ ಗುಂಪು ಗುಂಪಾಗಿ ಹಾರಾಡುವ, ಮಕ್ಕಳು ಏರೋಪ್ಲೇನ್ ಚಿಟ್ಟೆ ಎನ್ನುವ ಕೊಡತಿ ಹುಳುವನ್ನೂ ಒಮ್ಮೆ ನಿಂತು ನೋಡುವುದು ಒಳ್ಳೆಯದು. ಅದು ಹಾರುತ್ತಲೇ ಸೊಳ್ಳೆ ಮತ್ತು ಸಣ್ಣ ಕೀಟಗಳನ್ನು ಹಿಡಿದು ತಿನ್ನುತ್ತದೆ. ಮಾಲ್ಡೀವ್ಸ್ ದ್ವೀಪಗಳಲ್ಲಿದ್ದ ಜೀವಶಾಸ್ತ್ರಜ್ಞ ಚಾರ್ಲ್ಸ್ ಆ್ಯಂಡರ್ಸನ್ ಅವರು ಪ್ರತಿ ವರ್ಷ ಅಕ್ಟೋಬರಿನಲ್ಲಿ ಈ ಹುಳುಗಳು ಲಕ್ಷೋಪಲಕ್ಷವಾಗಿ ಅಲ್ಲಿಗೆ ಬರುವುದನ್ನು ದಾಖಲಿಸಿ, ಇವು ಭಾರತದಿಂದ ಹೊರಟು ಸಮುದ್ರ ದಾಟಿ ಪೂರ್ವ ಆಫ್ರಿಕಾಕ್ಕೆ ಹೋಗುತ್ತವೆಂದು 2009ರಲ್ಲಿ ಪ್ರಕಟಿಸಿದರು. ನಿಮ್ಮ ಕೃಷಿಹೊಂಡದ ನಿಂತ ನೀರಿನಲ್ಲಿ ಬೆಳೆದ ಹುಳುವೂ ಆ ಗುಂಪಿನಲ್ಲಿ ಇದ್ದೀತು.

ಇಲಿ, ಗೂಬೆ ಮತ್ತು ಪಾಷಾಣ

ಈ ಲೇಖನ ಬರೆಯಲು ಮುಖ್ಯ ಕಾರಣ ಇದೇ ಭಾಗ. ಹಿಂಗಾರಿ ಜೋಳ ತೆನೆ ಹಿರಿಯುವ ಹೊತ್ತಿಗೆ ಇಲಿ, ಹೆಗ್ಗಣಗಳ ಹಾವಳಿ ತಡೆಯಬೇಕಾದರೆ ಅವುಗಳ ಹತೋಟಿ ಈಗಲೇ, ಬೆಳೆ ಚಿಕ್ಕದಿರುವಾಗಲೇ ಆಗಬೇಕು. ಇದರಲ್ಲಿ ಎರಡು ಮಾತಿಲ್ಲ. ಪ್ರಶ್ನೆ ಇರುವುದು ಹೇಗೆ ಎಂಬುದರಲ್ಲಿ.

ಇಲಿಯ ಸಹಜ ವೈರಿಗಳು ನಮ್ಮ ಊರಿನಲ್ಲಿ ಕಡಿಮೆಯೇನಿಲ್ಲ. ಹಾಳು ವಾಡೆ, ಗುಡಿಯ ಗೋಪುರ, ಹಳೆಯ ಬಾವಿಯ ಗೋಡೆಯ ಪೊಟರೆಗಳಲ್ಲಿ ಕಣಜ ಗೂಬೆ ವಾಸಿಸುತ್ತದೆ. ಹೃದಯಾಕಾರದ ಬಿಳಿ ಮುಖ, ಸದ್ದಿಲ್ಲದ ಹಾರಾಟ. ಅದರ ಎರಡು ಕಿವಿಗಳು ತಲೆಯಲ್ಲಿ ಒಂದೇ ಮಟ್ಟದಲ್ಲಿಲ್ಲ. ಒಂದು ಮೇಲೆ, ಒಂದು ಕೆಳಗೆ. ಇದರಿಂದಾಗಿ ಕತ್ತಲಲ್ಲಿ ಇಲಿ ಓಡಾಡುವ ಸದ್ದು ಎಲ್ಲಿಂದ ಬಂತೆಂಬುದು ಅದಕ್ಕೆ ಕರಾರುವಾಕ್ಕಾಗಿ ತಿಳಿಯುತ್ತದೆ. ಒಂದು ಗೂಬೆ ರಾತ್ರಿಗೆ ಎರಡು ಮೂರು ಇಲಿ ತಿನ್ನುತ್ತದೆ, ಮರಿಗಳಿದ್ದಾಗ ಜೋಡಿ ಗೂಬೆಗಳು ಹಿಡಿದು ತರುವುದು ಇನ್ನೂ ಹೆಚ್ಚು. ನಂಬಿಕೆ ಬಾರದಿದ್ದರೆ ಅದು ಕೂರುವ ಜಾಗದ ಕೆಳಗೆ ನೋಡಿರಿ. ಜೀರ್ಣವಾಗದ ಎಲುಬು, ಕೂದಲುಗಳನ್ನು ಅದು ಉಂಡೆ ಮಾಡಿ ಕಕ್ಕಿರುತ್ತದೆ. ಉಂಡೆ ಬಿಡಿಸಿದರೆ ಇಲಿಯ ತಲೆಬುರುಡೆಗಳನ್ನು ಎಣಿಸಬಹುದು. ಇಂಥ ಕೂಲಿಯಿಲ್ಲದ ಕಾವಲುಗಾರನಿಗೆ ನಾವು ಅಪಶಕುನದ ಹೆಸರು ಕೊಟ್ಟಿದ್ದೇವೆ, ಯಾರದೋ ತಪ್ಪಿಗೆ ಯಾರ ಮೇಲೋ ‘ಗೂಬೆ ಕೂರಿಸುವ’ ಮಾತನ್ನೂ ಕಟ್ಟಿದ್ದೇವೆ. ದೀಪಾವಳಿ ಅಮಾವಾಸ್ಯೆಗೆ ಮಾಟ-ಮಂತ್ರದ ಹೆಸರಿನಲ್ಲಿ ಗೂಬೆ ಹಿಡಿದು ಮಾರುವವರೂ ಇದ್ದಾರೆ. ಇದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪರಾಧ.

ಗೂಬೆಯ ಜೊತೆಗೆ ಹಗಲಿನ ಪಾಳಿಗೆ ಮುಂಗುಸಿ, ಬಿಲದೊಳಗೇ ನುಗ್ಗುವ ಕೇರೆ ಹಾವು, ರಾತ್ರಿಗೆ ನರಿ ಮತ್ತು ಬಯಲಿನ ಸಣ್ಣ ಗುಳ್ಳೆನರಿ. ಏನಾದರೂ ಲಾಭವಾದರೆ ಬೆಳಿಗ್ಗೆ ನರಿ ಮುಖ ನೋಡಿರಬೇಕು ಎನ್ನುವುದು ನಮ್ಮಲ್ಲಿ ವಾಡಿಕೆ. ಗುಳ್ಳೆನರಿಯ ಬಿಲ ಹೊಲದ ಬದುವಿನಲ್ಲಿದ್ದರೆ ಆ ಮಾತು ಅಕ್ಷರಶಃ ನಿಜವೆಂದೇ ತಿಳಿಯಿರಿ.

ಈಗ ಪಾಷಾಣದ ವಿಷಯ. ಅಂಗಡಿಯಲ್ಲಿ ಸಿಗುವ ಬ್ರೋಮಾಡಿಯೋಲೋನ್ ಬಿಲ್ಲೆಯನ್ನು ತಿಂದ ಇಲಿ ಕೂಡಲೇ ಸಾಯುವುದಿಲ್ಲ. ರಕ್ತ ಹೆಪ್ಪುಗಟ್ಟುವ ಶಕ್ತಿ ಕುಂದುತ್ತ ಬಂದು ಸಾಯಲು ನಾಲ್ಕರಿಂದ ಏಳು ದಿನ ಬೇಕು. ಈ ಅವಧಿಯಲ್ಲಿ ಇಲಿ ಮಂಕಾಗಿ ಹಗಲಿನಲ್ಲಿಯೂ ಹೊರಗೆ ತಿರುಗುತ್ತದೆ, ಓಡಲಾರದು. ಗೂಬೆಗೂ ಗಿಡುಗಕ್ಕೂ ನರಿಗೂ ಸುಲಭದ ಬೇಟೆ. ವಿಷ ಇಲಿಯ ಯಕೃತ್ತಿನಲ್ಲಿ ಉಳಿದಿರುವುದರಿಂದ ತಿಂದ ಪ್ರಾಣಿಯ ಮೈಯಲ್ಲಿಯೂ ಸೇರುತ್ತ ಹೋಗುತ್ತದೆ. ನಾಲ್ಕಾರು ಇಲಿ ತಿಂದ ಮೇಲೆ ಅದೂ ಮಲಗುತ್ತದೆ. ಇಲಿ ವರ್ಷಕ್ಕೆ ಹಲವು ಬಾರಿ ಮರಿ ಹಾಕುತ್ತದೆ. ಸತ್ತ ಗೂಬೆಯ ಜಾಗಕ್ಕೆ ಇನ್ನೊಂದು ಗೂಬೆ ಬರಲು ವರ್ಷಗಳೇ ಹಿಡಿಯಬಹುದು. ಎರಡನ್ನೂ ಒಂದೇ ಬಿಲ್ಲೆಯಿಂದ ಕೊಂದರೆ ಮುಂದಿನ ಹಂಗಾಮಿಗೆ ಯಾರ ಸಂಖ್ಯೆ ಮೊದಲು ಏರುತ್ತದೆಂದು ನೀವೇ ಲೆಕ್ಕ ಹಾಕಿರಿ.

ಹಾಗಾದರೆ ಏನು ಮಾಡಬೇಕು? ಮೊದಲನೆಯದಾಗಿ, ಇರುವ ಬಿಲಗಳೆಲ್ಲ ಜೀವಂತ ಬಿಲಗಳಲ್ಲ. ಒಂದು ಸಂಜೆ ಹೊಲದ ಎಲ್ಲ ಬಿಲಗಳ ಬಾಯಿಯನ್ನು ಹಸಿ ಮಣ್ಣಿನಿಂದ ಮುಚ್ಚಿರಿ. ಮರುದಿನ ಬೆಳಿಗ್ಗೆ ತೆರೆದಿರುವವು ಮಾತ್ರ ಇಲಿ ಇರುವ ಬಿಲಗಳು. ಅವುಗಳ ಸಂಖ್ಯೆ ನೀವು ಎಣಿಸಿದ್ದಕ್ಕಿಂತ ಬಹಳ ಕಡಿಮೆ ಇರುವುದೇ ಹೆಚ್ಚು. ಸಂಖ್ಯೆ ಕಡಿಮೆಯಿದ್ದರೆ ಬಿಲ ಅಗೆಯುವುದು, ಬೋನು ಇಡುವುದು ಸಾಕು. ಹೆಚ್ಚಿದ್ದರೆ ಸತುವಿನ ರಂಜಕ, ಅಂದರೆ ಜಿಂಕ್ ಫಾಸ್ಫೈಡ್ ಪಾಷಾಣವನ್ನು ಹೀಗೆ ಬಳಸಬಹುದು. ಮೊದಲ ಎರಡು ದಿನ ಎಣ್ಣೆ ಸವರಿದ, ವಿಷವಿಲ್ಲದ ಕಾಳಿನ ನುಚ್ಚನ್ನು ಬಿಲದೊಳಗೆ ಇಟ್ಟು ಇಲಿಗೆ ರುಚಿ ಹತ್ತಿಸಬೇಕು. ಮೂರನೆಯ ದಿನ 96 ಭಾಗ ನುಚ್ಚು, 2 ಭಾಗ ಖಾದ್ಯ ತೈಲ, 2 ಭಾಗ ಪಾಷಾಣ ಬೆರೆಸಿ, ಬಿಲಕ್ಕೆ 10 ಗ್ರಾಂನಂತೆ ಕಾಗದದ ಪೊಟ್ಟಣದಲ್ಲಿ ಬಿಲದ ಆಳಕ್ಕೆ ತಳ್ಳಿ ಬಾಯಿ ಮುಚ್ಚಬೇಕು. ಬದುವಿನ ಮೇಲೆ, ಸಾಲಿನ ನಡುವೆ ಎರಚಿದರೆ ಅದು ಇಲಿಗಿಂತ ಮೊದಲು ನವಿಲಿಗೆ, ಬೆಳವಕ್ಕೆ, ಕೆಲವೊಮ್ಮೆ ಮೇಯಲು ಬಂದ ಆಡಿಗೆ ಸೇರುತ್ತದೆ. ಮರುದಿನ ಮೇಲೆ ಸತ್ತು ಬಿದ್ದ ಇಲಿಗಳನ್ನು ಆರಿಸಿ ಆಳವಾಗಿ ಹೂಳಲೇಬೇಕು. ಈ ಪಾಷಾಣಕ್ಕೆ ನಿರ್ದಿಷ್ಟ ಪ್ರತ್ಯೌಷಧವಿಲ್ಲ. ಕೈಗವಸು ಹಾಕಿಕೊಂಡೇ ಬೆರೆಸಿರಿ, ಮಕ್ಕಳ ಕೈಗೆ ಸಿಗದಂತೆ ಇಡಿರಿ. ಇಡೀ ಊರಿನವರು ಒಂದೇ ವಾರದಲ್ಲಿ ಈ ಕೆಲಸ ಮಾಡಿದರೆ ಮಾತ್ರ ಫಲವಿದೆ. ಒಬ್ಬನೇ ಮಾಡಿದರೆ ಪಕ್ಕದ ಹೊಲದ ಇಲಿ ಖಾಲಿ ಬಿಲಕ್ಕೆ ಬಂದು ಸೇರುತ್ತದೆ.

ಇಲಿ ಇರುವಲ್ಲಿ ಹಾವೂ ಇರುತ್ತದೆ. ಶೇಂಗಾ, ಗೋವಿನಜೋಳದ ರಾಶಿಯ ಈ ದಿನಗಳಲ್ಲಿ ಕೊಳಕುಮಂಡಲದ ಭಯ ಹೆಚ್ಚು. ಮೆದೆಗೆ ಬರಿಗೈ ಹಾಕಬೇಡಿರಿ, ರಾತ್ರಿ ನೀರು ಕಟ್ಟಲು ಹೋಗುವಾಗ ಬ್ಯಾಟರಿ ಮತ್ತು ಕಾಲಿಗೆ ಬೂಟು ಇರಲಿ. ಕಚ್ಚಿದರೆ ಕೊಯ್ಯುವುದು, ಬಿಗಿಯಾಗಿ ಕಟ್ಟುವುದು ಬೇಡ, ನೇರವಾಗಿ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಿರಿ.

ಹಸಿರು ಮೇಯುವ ಅತಿಥಿಗಳು

ಬರುವ ಅತಿಥಿಗಳೆಲ್ಲ ಉಪಕಾರಿಗಳೆಂದು ಹೇಳಿದರೆ ಅದು ಸುಳ್ಳಾಗುತ್ತದೆ. ಎಳೆಯ ಕಡಲೆ, ಜೋಳಕ್ಕೆ ಚಿಗರಿ ಹಿಂಡು ಬಿದ್ದರೆ ಒಂದು ರಾತ್ರಿಯಲ್ಲಿ ಎಷ್ಟು ನಷ್ಟವೆಂಬುದು ಗದಗ, ಕೊಪ್ಪಳ, ಹಾವೇರಿ ಕಡೆಯವರಿಗೆ ನಾನು ಹೇಳಬೇಕಾಗಿಲ್ಲ. ಹೊಲದ ಸುತ್ತ ನಾಲ್ಕಾರು ಸಾಲು ಮುಳ್ಳು ಕುಸುಬೆ ಬಿತ್ತುವ ಹಿರಿಯರ ಪದ್ಧತಿ ದನ, ಚಿಗರಿ ಎರಡನ್ನೂ ಒಂದು ಮಟ್ಟಿಗೆ ತಡೆಯುತ್ತದೆ. ಆದರೆ ಕುಸುಬೆಗೆ ಮುಳ್ಳು ಬಲಿಯಲು ಎರಡು ತಿಂಗಳು ಹತ್ತಿರ ಬೇಕು. ಅಲ್ಲಿಯವರೆಗೆ ಅದೂ ಚಿಗರಿಗೆ ಮೇವೇ. ಆದುದರಿಂದ ಮೊದಲ ಆರೇಳು ವಾರ ಅಕ್ಕಪಕ್ಕದ ಹೊಲದವರು ಸರದಿಯ ಮೇಲೆ ರಾತ್ರಿ ಕಾವಲು ಇರುವುದು ಅನಿವಾರ್ಯ. ತಂತಿಗೆ ನೇರವಾಗಿ ವಿದ್ಯುತ್ ಹರಿಸುವುದನ್ನು ಯಾರೂ ಮಾಡಬಾರದು. ಅದಕ್ಕೆ ಚಿಗರಿಯೂ ಒಂದೇ, ಕತ್ತಲಲ್ಲಿ ಮೋಟರ್ ಹಾಕಲು ಹೊರಟ ಪಕ್ಕದ ಹೊಲದ ಅಣ್ಣನೂ ಒಂದೇ. ನಷ್ಟವಾದಾಗ ಬೆಳೆಯ ಫೋಟೋ, ಪಹಣಿಯೊಡನೆ ವಲಯ ಅರಣ್ಯಾಧಿಕಾರಿಗಳ ಕಚೇರಿಗೆ ತಡಮಾಡದೆ ಅರ್ಜಿ ಕೊಡಿರಿ. ಮೇವು ಒಣಗಿದ ಮೇಲೆ ಕೊಟ್ಟ ಅರ್ಜಿಗೆ ಬೆಲೆ ಕಡಿಮೆ.

ಕೆರೆ ಇರುವ ಊರುಗಳಿಗೆ ನವೆಂಬರಿನಿಂದ ಪಟ್ಟೆತಲೆಯ ಹೆಬ್ಬಾತುಗಳು ಬರುತ್ತವೆ. ಗದಗ ಜಿಲ್ಲೆಯ ಮಾಗಡಿ ಕೆರೆ ಇದಕ್ಕೆ ಹೆಸರಾದುದು, 2024ರಲ್ಲಿ ಅದಕ್ಕೆ ರಾಮ್ಸಾರ್ ಮಾನ್ಯತೆಯೂ ದೊರೆತಿದೆ. ನೀರಾವರಿಗೆಂದು ಕಟ್ಟಿದ ಕೆರೆಯದು. ಟಿಬೆಟ್, ಮಂಗೋಲಿಯಾದ ಸರೋವರಗಳಿಂದ ಹಿಮಾಲಯ ದಾಟಿ ಬರುವ ಈ ಹಕ್ಕಿ ಹಗಲು ನೀರಿನಲ್ಲಿ ತಂಗಿ, ಉಳಿದ ಹೊತ್ತು ಸುತ್ತಲ ಹೊಲಗಳಲ್ಲಿ ಹುಲ್ಲು, ಉದುರಿದ ಕಾಳು ಮೇಯುತ್ತದೆ, ಎಳೆ ಪೈರಿಗೂ ಬಾಯಿ ಹಾಕುತ್ತದೆ. ಇವುಗಳನ್ನು ಓಡಿಸಲು ಸದ್ದು ಸಾಕು. ವಿಷದ ಕಾಳು ಚೆಲ್ಲಿದರೆ ಅದು ಕೆರೆಯ ನೀರಿಗೂ ಸೇರುತ್ತದೆ, ಆ ನೀರು ಕುಡಿಯುವುದು ನಿಮ್ಮ ದನಗಳೇ.

ಕಡಲೆಗೆ ಹಕ್ಕಿಯ ಆಸರೆ

ಬೇರೆ ಬೆಳೆಗಿಂತ ಕಡಲೆಗೆ ಹಕ್ಕಿಯ ಅಗತ್ಯ ಹೆಚ್ಚು. ಕಾರಣ ಅದರ ಹುಳಿ. ಮುಂಜಾನೆ ಕಡಲೆ ಹೊಲದ ಮೇಲೆ ಅರಿವೆ ಹಾಸಿ, ಇಬ್ಬನಿಯೊಡನೆ ಇಳಿದ ಹುಳಿಯನ್ನು ಹಿಂಡಿ ಶೀಸೆಯಲ್ಲಿ ಔಷಧಕ್ಕೆ ಕಾಯ್ದಿಡುವ ಪದ್ಧತಿ ನಮ್ಮ ಅಜ್ಜಿಯಂದಿರಿಗೆ ಗೊತ್ತಿತ್ತು. ಎಲೆಯ ಮೇಲಿನ ನವಿರು ರೋಮಗಳು ಸ್ರವಿಸುವ ಆಮ್ಲ ಅದು. ಕಾಯಿಕೊರಕದ ಮೊಟ್ಟೆಗಳನ್ನು ನಾಶಮಾಡುವ ಸಣ್ಣ ಪರತಂತ್ರ ಕಣಜಗಳು ಈ ಹುಳಿಗೆ ಅಂಜಿ ಕಡಲೆ ಗಿಡದ ಮೇಲೆ ಸರಿಯಾಗಿ ಕೆಲಸ ಮಾಡಲಾರವು. ಆದುದರಿಂದ ಹತ್ತಿಯಲ್ಲಿ ಫಲ ಕೊಡುವ ಟ್ರೈಕೋಗ್ರಾಮ ಕಾರ್ಡು ಕಡಲೆಯಲ್ಲಿ ಅಷ್ಟು ಫಲ ಕೊಡದು. ಕಾಜಾಣ, ಗೊರವಂಕ, ಬೆಳ್ಳಕ್ಕಿ, ನಮ್ಮ ರಾಜ್ಯಪಕ್ಷಿಯಾದ ನೀಲಕಂಠ ಇವುಗಳಿಗೆ ಆ ಅಡ್ಡಿಯಿಲ್ಲ.

ಆದರೆ ಕಡಲೆ ಗಿಡ ಗಿಡ್ಡ, ಕಾಜಾಣ ಮತ್ತು ನೀಲಕಂಠ ಕೂತು ನೋಡಿ ಎರಗುವ ಹಕ್ಕಿಗಳು. ಅವಕ್ಕೆ ಕೂರಲು ಎತ್ತರ ಬೇಕು. ಬಿತ್ತುವಾಗಲೇ ಕಡಲೆ ಬೀಜದೊಡನೆ ಒಂದು ಹಿಡಿ ಜೋಳ ಬೆರೆಸಿದರೆ ಅಲ್ಲಲ್ಲಿ ಎದ್ದ ದಂಟುಗಳೇ ಆಸರೆಯಾಗುತ್ತವೆ. ಅದು ತಪ್ಪಿದ್ದರೆ ಎಕರೆಗೆ 15-20ರಂತೆ ಕವಲು ಕೋಲು ಅಥವಾ ಅಡ್ಡಪಟ್ಟಿ ಕಟ್ಟಿದ ಬಿದಿರು ಗೂಟಗಳನ್ನು ಬೆಳೆಗಿಂತ ಒಂದೆರಡು ಅಡಿ ಎತ್ತರಕ್ಕೆ ನಿಲ್ಲಿಸಿರಿ. ಹೂ ಬರುವುದಕ್ಕೆ ಮೊದಲೇ ನಿಲ್ಲಿಸಿದರೆ ಹಕ್ಕಿಗೆ ರೂಢಿಯಾಗುತ್ತದೆ. ಗೂಟದ ಬುಡದಲ್ಲಿ ಹಿಕ್ಕೆ ಬಿದ್ದಿದೆಯೇ ನೋಡಿರಿ. ಬಿದ್ದಿಲ್ಲವಾದರೆ ಗೂಟದ ಜಾಗ ಬದಲಿಸಿರಿ.

ಸೀಗೆ ಹುಣ್ಣಿಮೆ, ಎಳ್ಳಮಾವಾಸ್ಯೆಗಳಲ್ಲಿ ಹೊಲಕ್ಕೆ ಹೋಗಿ ಚರಗ ಚೆಲ್ಲುವ ಪದ್ಧತಿಯನ್ನು ಈ ದೃಷ್ಟಿಯಿಂದಲೂ ನೋಡಬಹುದು. ಎಳ್ಳಮಾವಾಸ್ಯೆಯ ಹೊತ್ತಿಗೆ ಕಡಲೆ ಹೂ-ಕಾಯಿಯಲ್ಲಿರುತ್ತದೆ. ಸಾಲಿನ ನಡುವೆ ಬಿದ್ದ ಅನ್ನ, ಕಡುಬಿನ ಚೂರಿಗೆ ಬಂದ ಹಕ್ಕಿ ಗಿಡದ ಹುಳುವನ್ನು ಬಿಟ್ಟು ಹೋಗುವುದಿಲ್ಲ. ಆದರೆ ವರ್ಷಕ್ಕೊಂದು ದಿನದ ಚರಗದಿಂದ ಕಾಯಿಕೊರಕ ಹತೋಟಿಗೆ ಬರುತ್ತದೆಂದು ನಾನು ಹೇಳಲಾರೆ. ಹೂ ಬಿಟ್ಟ ಮೇಲೆ ವಾರಕ್ಕೆರಡು ಬೆಳಿಗ್ಗೆ ಒಂದಿಷ್ಟು ಚುರುಮುರಿ ಎರಚುವ ರೈತರಿದ್ದಾರೆ. ಇದು ಖರ್ಚಿಲ್ಲದ ಒಳ್ಳೆಯ ಉಪಾಯ.

ಇಷ್ಟಾದರೂ ಹುಳು ಹೆಚ್ಚಿದರೆ ಸಿಂಪರಣೆ ಬೇಡವೆನ್ನುವುದಿಲ್ಲ. ಹೊಲದ ಐದಾರು ಕಡೆ ಒಂದೊಂದು ಮೀಟರ್ ಸಾಲಿನ ಗಿಡ ಅಲುಗಿಸಿ ಎಣಿಸಿರಿ. ಸರಾಸರಿ ಒಂದಕ್ಕಿಂತ ಹೆಚ್ಚು ಮರಿಹುಳು ಕಂಡರೆ ಮಾತ್ರ ಮುಂದಿನ ಕ್ರಮ. ಹುಳು ಸಣ್ಣದಿರುವಾಗ ಎಕರೆಗೆ 100 ಎಲ್.ಇ. ಎನ್.ಪಿ.ವಿ. ನಂಜಾಣು ದ್ರಾವಣಕ್ಕೆ ಸ್ವಲ್ಪ ಬೆಲ್ಲ ಬೆರೆಸಿ ಸಂಜೆ ಸಿಂಪಡಿಸಿರಿ. ಇದು ಹಕ್ಕಿಗೆ ಹಾನಿಮಾಡದು. ಅಷ್ಟೇ ಅಲ್ಲ, ನಂಜು ತಗುಲಿದ ಹುಳುವನ್ನು ತಿಂದ ಹಕ್ಕಿಯ ಹಿಕ್ಕೆಯ ಮೂಲಕ ನಂಜಾಣು ಬೇರೆ ಗಿಡಗಳಿಗೂ ಹರಡುತ್ತದೆ.

ತೀವ್ರ ವಿಷದ ರಾಸಾಯನಿಕಗಳು ಹಕ್ಕಿಗೆ ಏನು ಮಾಡಬಲ್ಲವೆಂಬುದಕ್ಕೆ ಅರ್ಜೆಂಟೀನಾದ ಪ್ರಕರಣ ಸಾಕ್ಷಿ. ನಮ್ಮ ಸೆಳೆವದಂತೆಯೇ ಮಿಡತೆ ತಿನ್ನಲು ಉತ್ತರ ಅಮೆರಿಕದಿಂದ ಅಲ್ಲಿಗೆ ಹೋಗುವ ಸ್ವೇನ್ಸನ್ ಗಿಡುಗಗಳು 1995-96ರ ಬೇಸಿಗೆಯಲ್ಲಿ ಲಾ ಪಂಪಾ ಪ್ರಾಂತ್ಯದ ಹೊಲಗಳಲ್ಲಿ ಸಾವಿರಾರು ಸಂಖ್ಯೆಯಲ್ಲಿ ಸತ್ತವು. ಮಿಡತೆಗೆಂದು ಸಿಂಪಡಿಸಿದ್ದು ಮಾನೋಕ್ರೋಟೋಫಾಸ್. ಮಿಡತೆ ತಿಂದು ಉಪಕಾರ ಮಾಡಲು ಬಂದ ಹಕ್ಕಿಯೇ ಮಿಡತೆಯ ಔಷಧಿಗೆ ಬಲಿಯಾಯಿತು. ಅದೇ ಔಷಧಿಯನ್ನು ನಮ್ಮ ಹತ್ತಿ, ಕಡಲೆಗಳಿಗೆ ದಶಕಗಳ ಕಾಲ ಸುರಿದಿದ್ದೇವೆ. 2023ರ ಕೇಂದ್ರ ಸರ್ಕಾರದ ಆದೇಶ ಮಾನೋಕ್ರೋಟೋಫಾಸ್ 36 ಎಸ್.ಎಲ್. ಮೇಲೂ ನಿಷೇಧ ಹೇರಿದೆ. ಅಂಗಡಿಯವರು ಹಳೆಯ ದಾಸ್ತಾನು ತೋರಿಸಿದರೆ ಬೇಡವೆನ್ನಿರಿ.

ಜೋಳದ ಹಾಲುಗಾಳು

ಜೋಳ ಹಾಲುಗಾಳಿಗೆ ಬಂದಾಗ ಮಾತ್ರ ಲೆಕ್ಕ ತಿರುಗುತ್ತದೆ. ಗಿಳಿ, ಗುಬ್ಬಿ, ಮಧ್ಯ ಏಷ್ಯಾದಿಂದ ಬರುವ ಗುಲಾಬಿ ಮೈನಾ ಇವು ತೆನೆಗೆ ನಷ್ಟ ಮಾಡುತ್ತವೆ. ಗುಲಾಬಿ ಮೈನಾ ತನ್ನ ದೇಶದಲ್ಲಿ ಮಿಡತೆಯ ದೊಡ್ಡ ಶತ್ರು. ಚೀನಾದ ಶಿಂಜಿಯಾಂಗ್‌ನಲ್ಲಿ ಅದಕ್ಕೆ ಗೂಡು ಕಟ್ಟಲು ಜಾಗ ಮಾಡಿಕೊಟ್ಟು ಮಿಡತೆ ಹತೋಟಿ ಮಾಡುತ್ತಾರೆ. ನಮ್ಮಲ್ಲಿಯೂ ಅದು ಹುಳು ತಿನ್ನುತ್ತದೆ, ಆದರೆ ಹಾಲುಗಾಳು ಕಂಡರೆ ಹುಳುವನ್ನು ಮರೆಯುತ್ತದೆ.

ಊರಿನಲ್ಲಿ ಎಲ್ಲರಿಗಿಂತ ಮೊದಲು ಅಥವಾ ಎಲ್ಲರಿಗಿಂತ ಕೊನೆಗೆ ಬಿತ್ತಿದ ಹೊಲವೇ ಹೆಚ್ಚು ತಿನ್ನಿಸಿಕೊಳ್ಳುತ್ತದೆ. ಈಗ ಜೋಳದ ಜಾಗಕ್ಕೆ ಕಡಲೆ ಬರುತ್ತಿರುವುದರಿಂದ ನಡುವೆ ಒಂಟಿಯಾಗಿ ಉಳಿದ ಜೋಳದ ಹೊಲಕ್ಕೆ ಸುತ್ತಲ ಹಕ್ಕಿಯೆಲ್ಲ ಎರಗುತ್ತದೆ. ನಾಲ್ಕಾರು ರೈತರು ಕೂಡಿ ಅಕ್ಕಪಕ್ಕದ ಹೊಲಗಳಲ್ಲಿ ಒಂದೇ ವಾರ ಜೋಳ ಬಿತ್ತಿದರೆ ನಷ್ಟ ಹಂಚಿಹೋಗುತ್ತದೆ, ಕಾವಲಿಗೂ ಅನುಕೂಲ. ಕೆಂಪು-ಬೆಳ್ಳಿ ಬಣ್ಣದ ಹೊಳೆಯುವ ಪಟ್ಟಿಯನ್ನು ಎರಡು ಮೂರು ಸುತ್ತು ಹುರಿ ಹಾಕಿ, ಐದಾರು ಮೀಟರಿಗೊಂದರಂತೆ ತೆನೆಯ ಮಟ್ಟಕ್ಕಿಂತ ಸ್ವಲ್ಪ ಮೇಲೆ ಕಟ್ಟಿರಿ. ಹಾಲುಗಾಳು ಬಂದ ಮೇಲೆಯೇ ಕಟ್ಟಿರಿ. ತಿಂಗಳ ಮೊದಲೇ ಕಟ್ಟಿದರೆ ಹಕ್ಕಿ ಅದಕ್ಕೆ ಒಗ್ಗಿಕೊಳ್ಳುತ್ತದೆ.

ಜೋಳದ ಹೊಲದಲ್ಲಿ ಆಸರೆ ಗೂಟಗಳಿದ್ದರೆ ಈ ಹಂತದಲ್ಲಿ ಕಿತ್ತುಬಿಡಿರಿ. ಹುಳು ತಿನ್ನುವ ಕಾಜಾಣಕ್ಕೆ ನಿಲ್ಲಿಸಿದ ಗೂಟದ ಮೇಲೆ ಈಗ ಗಿಳಿ ಕೂರುತ್ತದೆ. ಕಿತ್ತ ಗೂಟಗಳನ್ನು ಕಡಲೆ ಹೊಲಕ್ಕೆ ಒಯ್ಯಬಹುದು, ಅಲ್ಲಿ ಇನ್ನೂ ಕೆಲಸವಿರುತ್ತದೆ. ಜೋಳಕ್ಕೆ ಹಕ್ಕಿ ಬೀಳುವುದು ಬೆಳಿಗ್ಗೆ ಹೊತ್ತು ಹುಟ್ಟಿದಾಗಿನಿಂದ ಎರಡು ಮೂರು ತಾಸು, ಮತ್ತೆ ಇಳಿಹೊತ್ತಿನಲ್ಲಿ. ಕವಣೆ ಹಿಡಿದು ಅಟ್ಟಣಿಗೆ ಏರುವವರು ಆ ಎರಡು ಹೊತ್ತು ತಪ್ಪಿಸದಿದ್ದರೆ ಸಾಕು, ನಡು ಮಧ್ಯಾಹ್ನ ಕೆಳಗಿಳಿದು ರೊಟ್ಟಿ ಬಿಚ್ಚಬಹುದು.